ದೊಡ್ಡ ಡಬ್ಬಿ ಆಮೇಲೆ, ಮೊದಲು ಲಗ್ನಪತ್ರಿಕೆಯ ಸೈನ್ಯ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ್ದು, ಮಿನಿಯೇಚರ್ ವಾರ್‌ಗೇಮ್. ಇದರ ಬಗ್ಗೆ ಕೇಳದವರಿಗೆ ಎರಡು ಮಾತು: ಒಂದಿಂಚಿಗಿಂತ ಚೂರು ಎತ್ತರದ ಗೊಂಬೆಗಳನ್ನು ಅಂಟಿಸಿ, ಬಣ್ಣ ಹಚ್ಚಿ, ಮೇಜಿನ ಮೇಲೆ ಗುಡ್ಡ, ಗೋಡೆ, ಮನೆ ಇಟ್ಟು, ಟೇಪಿನಲ್ಲಿ ಅಳೆದು ನಡೆಸಿ, ದಾಳ ಹಾಕಿ ಕಾದಾಡಿಸುವ ಆಟ. ಚೌಕಗಳಿಲ್ಲ, ಗೊಂಬೆ ಎಲ್ಲಿ ಬೇಕಾದರೂ ನಿಲ್ಲಬಹುದು. ಇಂಥ ಆಟಗಳಲ್ಲಿ ಹೆಚ್ಚು ಹೆಸರಾದದ್ದು ವಾರ್‌ಹ್ಯಾಮರ್. ನಾಲ್ಕು ಪತ್ರವೂ ಗಂಡ ಹೆಂಡತಿ ಸೇರಿ ಆಡುವ ಬಗ್ಗೆಯೇ ಇವೆ, ಅದಕ್ಕೆ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮದುವೆಯಾಗಿ ಎರಡು ವರ್ಷ. ನಮ್ಮ ಯಜಮಾನರು ದಿನಾ ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಬರುತ್ತಾರೆ. ದಾರಿಯಲ್ಲಿ ವಾರ್‌ಹ್ಯಾಮರ್ ವಿಡಿಯೊ ನೋಡಿ ನೋಡಿ, ಈಗ ನಾವಿಬ್ಬರೂ ಆಡೋಣ, ದೊಡ್ಡ ಡಬ್ಬಿಯನ್ನೇ ತರಿಸೋಣ ಅನ್ನುತ್ತಿದ್ದಾರೆ. ನನಗೆ ಬಣ್ಣ ಹಚ್ಚುವುದು ಇಷ್ಟ, ಆದರೆ ನಿಯಮದ ಪುಸ್ತಕ ನೋಡಿದರೆ ತಲೆ ತಿರುಗುತ್ತದೆ. ಬಾಡಿಗೆ ಮನೆ, ನಾಲ್ಕು ಜನ ಕೂರುವ ಊಟದ ಮೇಜು ಬಿಟ್ಟರೆ ಜಾಗ ಇಲ್ಲ. ಅತ್ತೆ ಇದು ಮಕ್ಕಳಾಟ ಅನ್ನುತ್ತಾರೆ. ಯುದ್ಧದ ಆಟ ಮನೆಯಲ್ಲಿ ಯಾಕೆ ಅಂತ ನನಗೂ ಒಮ್ಮೊಮ್ಮೆ ಅನಿಸುತ್ತದೆ. ಎಲ್ಲಿಂದ ಶುರು ಮಾಡಲಿ?
ಓದುಗರು, ಕ್ಯಾತ್ಸಂದ್ರ, ತುಮಕೂರು

ಉತ್ತರ: ದೊಡ್ಡ ಡಬ್ಬಿ ಈ ತಿಂಗಳು ಬೇಡ. ಮುಂದಿನ ತಿಂಗಳೂ ಬೇಡ.

ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಆ ರೈಲಿನ ವಿಡಿಯೊ. ನಿಮ್ಮವರು ಅಷ್ಟು ದಿನದಿಂದ ನೋಡುತ್ತಿದ್ದಾರೆ ಅಂದರೆ ಆ ಆಟ ಅವರಿಗೆ ಅರ್ಧ ಬಂದೇಬಿಟ್ಟಿದೆ, ನಿಮಗೆ ಏನೂ ಬಂದಿಲ್ಲ. ಅದೇ ಆಟದಿಂದ ಶುರು ಮಾಡಿದರೆ ಮೊದಲ ದಿನವೇ ಅವರು ಮೇಷ್ಟ್ರು, ನೀವು ವಿದ್ಯಾರ್ಥಿನಿ. ಅಲ್ಲಿಡಬೇಡ, ಇಲ್ಲಿಡು, ಈಗ ಅದು ಆಗಲ್ಲ, ಮುಂದಿನ ಸರದಿಗೆ ಅಂತ ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಒಂದು ಗಂಟೆ ಕಳೆಯುವಷ್ಟರಲ್ಲಿ ನಿಮ್ಮ ಸೈನ್ಯವನ್ನೂ ಅವರೇ ಆಡಿಸುತ್ತಿರುತ್ತಾರೆ, ನೀವು ಸುಮ್ನೆ ಕೈ ಆಡಿಸುತ್ತಿರುತ್ತೀರಿ. ಜೋಡಿಗಳು ಶುರು ಮಾಡಿ ಕೈಬಿಡುವುದು ಹೆಚ್ಚಾಗಿ ಇಲ್ಲೇ. ಅದಕ್ಕೇ ಯಾವ ಜೋಡಿ ಕೇಳಿದರೂ ನಾನು ಹೇಳುವುದು ಇದನ್ನೇ: ಇಬ್ಬರಿಗೂ ಗೊತ್ತಿಲ್ಲದ ಆಟ ಹಿಡಿಯಿರಿ. ನಿಯಮವನ್ನು ಇಬ್ಬರೂ ಪಕ್ಕಪಕ್ಕ ಕೂತು ಓದಿ. ಇವತ್ತು ಒಂದು ಪುಟ ನೀವು ಗಟ್ಟಿಯಾಗಿ ಓದಿ, ಇನ್ನೊಂದು ಪುಟ ಅವರು ಓದಲಿ. ಗೊತ್ತಾಗದೇ ಇದ್ದಾಗ ಇಬ್ಬರಿಗೂ ಗೊತ್ತಾಗಿರಬಾರದು, ಅಷ್ಟೇ. ವಾರ್‌ಹ್ಯಾಮರ್ ಎಲ್ಲೂ ಓಡಿ ಹೋಗಲ್ಲ. 1983ರಿಂದ ಇದೆ, ನಿಮ್ಮವರು ನೋಡುವ ಬಾಹ್ಯಾಕಾಶದ ವಾರ್‌ಹ್ಯಾಮರ್ 40,000 ಬಂದಿದ್ದು 1987ರಲ್ಲಿ. ಇನ್ನಾರು ತಿಂಗಳು ಕಾಯುತ್ತದೆ.

ಹಾಗಾದರೆ ಯಾವುದು? ಒನ್ ಪೇಜ್ ರೂಲ್ಸ್ ಅಂತ ಒಂದಿದೆ. ಅದರ ಮೂಲ ನಿಯಮಗಳು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ, ಕೆಲವೇ ಪುಟ. ಯಾವ ಕಂಪನಿಯ ಗೊಂಬೆಯಾದರೂ ನಡೆಯುತ್ತದೆ. ಅದರಲ್ಲಿ ಸಣ್ಣ ಆಟಕ್ಕೆಂದೇ ಎರಡು ಬಗೆ ಇವೆ, ಬಂದೂಕು ಬೇಕೆಂದರೆ ಫೈರ್‌ಫೈಟ್, ಕತ್ತಿ ಮಂತ್ರ ಬೇಕೆಂದರೆ ಸ್ಕರ್ಮಿಶ್. ಒಂದೊಂದು ಕಡೆಗೆ ಬೆರಳೆಣಿಕೆಯಷ್ಟು ಗೊಂಬೆ ಸಾಕು. ಲೆಕ್ಕವೂ ಸುಲಭ. ಗೊಂಬೆ ನಡೆದರೆ ಆರಿಂಚು, ಓಡಿದರೆ ಹನ್ನೆರಡು. ಹೊಡೆಯುವವರು ದಾಳ ಹಾಕಿ ತಮ್ಮ ಗೊಂಬೆಯ ಗುಣಕ್ಕೆ ಬರೆದಿರುವ ಅಂಕಿ ಅಥವಾ ಅದಕ್ಕಿಂತ ಜಾಸ್ತಿ ಬೀಳಿಸಬೇಕು. ತಗುಲಿದರೆ ಹೊಡೆಸಿಕೊಂಡವರು ತಮ್ಮ ರಕ್ಷಣೆಯ ಅಂಕಿಗೆ ದಾಳ ಹಾಕುತ್ತಾರೆ. ತಪ್ಪಿಸಿಕೊಳ್ಳದಿದ್ದರೆ ಪೆಟ್ಟು. ಎಲ್ಲಾ ನಮ್ಮ ಮಾಮೂಲಿ ಆರು ಮುಖದ ದಾಳದಲ್ಲೇ.

ಇದನ್ನು ಹೇಳುವುದಕ್ಕೆ ಇನ್ನೊಂದು ಕಾರಣ ಇದೆ. ಇದರಲ್ಲಿ ನೀವೊಂದು ಗೊಂಬೆ ಆಡಿಸಿದರೆ ಅವರೊಂದು ಆಡಿಸಬೇಕು. ವಾರ್‌ಹ್ಯಾಮರ್ 40,000ದಲ್ಲಿ ಹಾಗಲ್ಲ, ಒಬ್ಬರು ಇಡೀ ಸೈನ್ಯ ನಡೆಸಿ, ಗುಂಡು ಹಾರಿಸಿ, ಕೈ ಕೈ ಮಿಲಾಯಿಸಿ ಮುಗಿಸಿದ ಮೇಲೆಯೇ ಇನ್ನೊಬ್ಬರ ಸರದಿ ಬರುತ್ತದೆ. ಹೊಸಬರು ಅಷ್ಟು ಹೊತ್ತು ಕೂತು ನಮ್ಮವರು ಸಾಯುವುದನ್ನೇ ನೋಡಬೇಕು ಅಂದರೆ ಕೈ ಫೋನಿನ ಕಡೆ ಹೋಗುತ್ತದೆ ಅಲ್ವಾ?

ಒಬ್ಬರನ್ನೊಬ್ಬರು ಸೋಲಿಸುವುದೇ ಬೇಡ ಅನಿಸಿದರೆ ರೇಂಜರ್ಸ್ ಆಫ್ ಶ್ಯಾಡೋ ಡೀಪ್ ನೋಡಿ. ಅದರ ಪುಸ್ತಕ ಮಾತ್ರ ಕೊಳ್ಳಬೇಕು. ಅದರಲ್ಲಿ ನೀವಿಬ್ಬರೂ ಒಂದೇ ಕಡೆ. ಒಬ್ಬೊಬ್ಬರದು ಒಬ್ಬ ರೇಂಜರ್, ಅಂದರೆ ನಾಯಕ ವೀರ, ಜೊತೆಗೆ ಒಂದಿಬ್ಬರು ಸಂಗಡಿಗರು. ರಾಕ್ಷಸರನ್ನು ನಡೆಸುವುದು ನಿಯಮವೇ, ಎದುರಾಳಿ ಅಂತ ಮೂರನೆಯವರು ಬೇಡ. ಇಪ್ಪತ್ತು ಮುಖದ ದಾಳ ಬೇಕು. ಒಂದು ಕಥೆ ಮುಗಿದ ಮೇಲೆ ಉಳಿದವರು ಅನುಭವ ಪಡೆದು ಮುಂದಿನ ಕಥೆಗೆ ಹೋಗುತ್ತಾರೆ. ನನ್ನ ಮಟ್ಟಿಗೆ ಮನೆಯಲ್ಲಿ ಇಬ್ಬರೇ ಇರುವವರಿಗೆ ಇದಕ್ಕಿಂತ ಒಳ್ಳೆಯ ಶುರು ಇಲ್ಲ. ಯಾಕೆಂದರೆ ನೀನು ಬಾಗಿಲು ಹಿಡಿ, ನಾನು ಹಿಂದಿನಿಂದ ಬರುತ್ತೇನೆ ಅಂತ ಇಬ್ಬರೂ ಮಾತಾಡಿಕೊಂಡು ಆಡುವುದು ಅಭ್ಯಾಸವಾದರೆ ಆಮೇಲೆ ಎದುರುಬದುರು ಕೂತಾಗಲೂ ಆ ಮಾತು ನಿಲ್ಲುವುದಿಲ್ಲ.

ಗೊಂಬೆ ಕೊಳ್ಳುವ ಮುಂಚೆ ಕಾಗದದಲ್ಲಿ ಆಡಿ. ಮನೆಯಲ್ಲಿ ಹಳೇ ಲಗ್ನಪತ್ರಿಕೆಗಳಿದ್ದೇ ಇರುತ್ತವೆ, ಆ ದಪ್ಪ ಕಾಗದ ಇದಕ್ಕೆ ಹೇಳಿ ಮಾಡಿಸಿದ್ದು. ಒಂದಿಂಚು ಅಗಲದ ಪಟ್ಟಿ ಕತ್ತರಿಸಿ, ಮಡಚಿ ಗುಡಾರದ ಹಾಗೆ ನಿಲ್ಲಿಸಿ, ಮೇಲೆ ಹೆಸರು ಬರೆಯಿರಿ. ಅಳೆಯಲು ಬಟ್ಟೆ ಹೊಲಿಯುವವರ ಟೇಪು ಸಾಕು, ಅದರಲ್ಲಿ ಇಂಚು ಇರುತ್ತದೆ, ಮೇಜಿನ ಮೇಲೆ ಮಡಚಿ ತಿರುಗಿಸಲೂ ಬರುತ್ತದೆ. ಡಬ್ಬ, ಪುಸ್ತಕ, ಲೋಟ ಇಟ್ಟು ಊರು ಕಟ್ಟಿ. ಇಬ್ಬರಿಗೂ ಇನ್ನೊಂದು ಆಟ ಹಾಕೋಣ ಅಂತ ತಾನಾಗಿ ಬಾಯಿಗೆ ಬಂದರೆ ಆಗ ಗೊಂಬೆ ಕೊಳ್ಳಿ. ಬರದಿದ್ದರೆ ಹೋಗಿದ್ದು ಲಗ್ನಪತ್ರಿಕೆ ಮಾತ್ರ.

ಜಾಗದ ಚಿಂತೆ ಬಿಡಿ. ನಾಲ್ಕು ಜನರ ಊಟದ ಮೇಜು ಸಾಮಾನ್ಯವಾಗಿ ನಾಲ್ಕಡಿ ಉದ್ದ, ಎರಡೂವರೆ ಅಡಿ ಅಗಲ ಇರುತ್ತದೆ. ಒಂದೊಂದು ಗೊಂಬೆಗೂ ಅದರ ಬಲಕ್ಕೆ ತಕ್ಕ ಹಾಗೆ ಇಷ್ಟು ಪಾಯಿಂಟ್ ಅಂತ ಇರುತ್ತದೆ, ಸೈನ್ಯ ಕಟ್ಟುವುದು ಆ ಲೆಕ್ಕದಲ್ಲೇ. ವಾರ್‌ಹ್ಯಾಮರ್‌ನ ಪೂರ್ತಿ 2000 ಪಾಯಿಂಟಿನ ಆಟಕ್ಕೆ 60 ಇಂಚು ಉದ್ದ, 44 ಇಂಚು ಅಗಲ ಬೇಕು, ಅದು ನಿಮ್ಮ ಮೇಜಿನಲ್ಲಿ ಹಿಡಿಸಲ್ಲ. ಅದರದೇ ಸಣ್ಣ ರೂಪ ಕಿಲ್ ಟೀಮ್‌ಗೆ 30ಕ್ಕೆ 22 ಇಂಚು ಸಾಕು. ಹಾಗಾಗಿ ಆರು ತಿಂಗಳಾದ ಮೇಲೆ ನಿಮ್ಮವರ ಆಸೆ ತೀರಿಸುವುದಾದರೆ ಕಿಲ್ ಟೀಮ್‌ನಿಂದ ತೀರಿಸಿ. ಆ ಹೊತ್ತಿಗೆ ನೀವು ಅವರಿಗೆ ಸಮನಾಗಿ ನಿಲ್ಲುತ್ತೀರಿ. ಕೊಳ್ಳುವಾಗ ಒಬ್ಬೊಬ್ಬರಿಗೆ ಒಂದೊಂದು ಪೆಟ್ಟಿಗೆ, ನಿಮ್ಮದನ್ನು ನೀವೇ ಆರಿಸಿ. ಹೊರದೇಶದಿಂದ ತರಿಸಿದರೆ ಕಸ್ಟಮ್ಸ್ ಸುಂಕ ಮೇಲೆ ಬೀಳುತ್ತದೆ, ಬೆಲೆ ನೋಡುವಾಗ ಅದನ್ನೂ ಸೇರಿಸಿ ನೋಡಿ. ಮೊದಲ ಪೆಟ್ಟಿಗೆಗೆ ಪೂರ್ತಿ ಬಣ್ಣ ಹಚ್ಚುವವರೆಗೆ ಎರಡನೆಯದು ಬೇಡ ಅಂತ ಈಗಲೇ ಮಾತಾಡಿಕೊಳ್ಳಿ. ಈ ಹವ್ಯಾಸದಲ್ಲಿ ದುಡ್ಡು ಪೋಲಾಗುವುದು ಅಟ್ಟದ ಮೇಲೆ ಸೇರಿಕೊಳ್ಳುವ, ಯಾರೂ ಮುಟ್ಟದ ಬೂದುಬಣ್ಣದ ಪ್ಲಾಸ್ಟಿಕ್ಕಿನಲ್ಲೇ.

ಬಣ್ಣ ನಿಮ್ಮ ಕ್ಷೇತ್ರ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ವಿದೇಶಿ ಬಣ್ಣದ ಸೆಟ್ಟು ಮೊದಲಿಗೆ ಬೇಡ. ತುಮಕೂರಿನ ಯಾವ ದೊಡ್ಡ ಸ್ಟೇಷನರಿ ಅಂಗಡಿಯಲ್ಲೂ ಫೆವಿಕ್ರಿಲ್, ಕ್ಯಾಮ್ಲಿನ್ ಅಕ್ರಿಲಿಕ್ ಸಿಗುತ್ತದೆ. ಕಪ್ಪು, ಬಿಳಿ, ಕಂದು, ಕೆಂಪು, ನೀಲಿ, ಹಳದಿ, ಜೊತೆಗೊಂದು ಬೆಳ್ಳಿ ಬಣ್ಣ. ಚೂಪು ತುದಿಯ ಸಣ್ಣ ಬ್ರಷ್ ಒಂದು, ಹಾಳಾದರೂ ಪರವಾಗಿಲ್ಲ ಅನ್ನುವ ಹಳೇ ಬ್ರಷ್ ಒಂದು. ಗೊಂಬೆಯ ಭಾಗಗಳನ್ನು ಮೊದಲು ಪಾತ್ರೆ ಸೋಪಿನ ನೀರಲ್ಲಿ ತೊಳೆದು ಒಣಗಿಸಿ, ಅಚ್ಚಿನಿಂದ ತೆಗೆದಾಗ ಅಂಟಿರುವ ಜಿಡ್ಡು ಹೋಗಬೇಕು. ಎರಡು ಅಚ್ಚು ಕೂಡಿದ ಕಡೆ ಕೂದಲೆಳೆಯಂಥ ಗೆರೆ ಎದ್ದಿರುತ್ತದೆ, ಅದನ್ನು ಕಟರಿನ ಬೆನ್ನಿನಿಂದ ಮೆಲ್ಲಗೆ ಕೆರೆಯಿರಿ. ಇದನ್ನು ಬಿಟ್ಟರೆ ಬಣ್ಣ ಹಚ್ಚಿದ ಮೇಲೆ ಮುಖದ ಮಧ್ಯೆಯೇ ಎದ್ದು ಕಾಣುತ್ತದೆ. ಆಮೇಲೆ ಪ್ರೈಮರ್, ಅಂದರೆ ಬಣ್ಣ ಹಿಡಿಯಲಿ ಅಂತ ಮೊದಲು ಕೊಡುವ ಲೇಪ. ಹಾರ್ಡ್‌ವೇರ್ ಅಂಗಡಿಯ ಸ್ಪ್ರೇ ಡಬ್ಬಿ ಆಗುತ್ತದೆ, ಆದರೆ ತಾರಸಿಯ ಮೇಲೆ, ಒಣ ಹವೆ ಇರುವ ದಿನ, ತೆಳ್ಳಗೆ ಹೊಡೆಯಿರಿ. ಮಳೆ ಹಿಡಿದ ದಿನ ಬೇಡ.

ನಮ್ಮ ಅಂಗಡಿಯ ಬಣ್ಣ ದಪ್ಪ ಇರುತ್ತದೆ. ಸೀಸೆಯಿಂದ ನೇರ ಹಚ್ಚಿದರೆ ಗೊಂಬೆಯ ಕಣ್ಣು ಮೂಗು ಮುಚ್ಚಿ ಹೋಗುತ್ತದೆ. ತಟ್ಟೆಯಲ್ಲಿ ಒಂದೆರಡು ಹನಿ ನೀರು ಸೇರಿಸಿ ಹಾಲಿನಷ್ಟು ತೆಳ್ಳಗೆ ಮಾಡಿಕೊಳ್ಳಿ, ಒಂದು ಕೈ ಒಣಗಿದ ಮೇಲೆ ಇನ್ನೊಂದು ಕೈ. ಮೊದಲನೇ ಕೈಗೆ ಕೆಳಗಿನ ಪ್ರೈಮರ್ ಇಣುಕುತ್ತದೆ, ಗಾಬರಿ ಬೇಡ, ಎರಡನೆಯದಕ್ಕೆ ಕೂರುತ್ತದೆ. ಎಲ್ಲಾ ಬಣ್ಣ ಒಣಗಿದ ಮೇಲೆ ಕಡು ಕಂದನ್ನು ತುಂಬಾ ನೀರು ಮಾಡಿ ಗೊಂಬೆಯ ಮೈಮೇಲೆಲ್ಲಾ ಹರಿಯಬಿಡಿ. ಅದು ಬಟ್ಟೆಯ ನೆರಿಗೆಯೊಳಗೆ, ಬೆರಳ ಸಂದಿಗೆ, ಗಡ್ಡದ ಎಳೆಗಳ ಮಧ್ಯೆ ಹೋಗಿ ನಿಲ್ಲುತ್ತದೆ, ಒಣಗಿದಾಗ ಅದೇ ನೆರಳು. ಇದನ್ನು ವಾಶ್ ಅನ್ನುತ್ತಾರೆ. ಕೊನೆಗೆ ಹಳೇ ಬ್ರಷ್ಷಿನಲ್ಲಿ ತಿಳಿ ಬಣ್ಣ ತೆಗೆದುಕೊಂಡು, ಬಟ್ಟೆಗೆ ಒರೆಸಿ ಒರೆಸಿ, ಇನ್ನೇನೂ ಉಳಿದಿಲ್ಲ ಅನಿಸಿದಾಗ ಗೊಂಬೆಯ ಮೇಲೆ ಹಗುರವಾಗಿ ಆಡಿಸಿ. ಉಬ್ಬಿದ ಕಡೆ ಮಾತ್ರ ಬೆಳಕು ಹತ್ತುತ್ತದೆ. ಇದು ಡ್ರೈಬ್ರಷ್. ಈ ಎರಡು ಕೈಗೆ ಬಂದರೆ ಆ ಪ್ಲಾಸ್ಟಿಕ್ ತುಂಡು ಕಣ್ಣೆದುರೇ ಮನುಷ್ಯನಾಗುತ್ತದೆ, ನೋಡಿ ಬೇಕಾದರೆ. ಕಾಲಡಿಯ ಬಿಲ್ಲೆಗೆ ಫೆವಿಕಾಲ್ ಹಚ್ಚಿ, ಜರಡಿ ಹಿಡಿದ ನಮ್ಮ ಕೆಂಪು ಮಣ್ಣನ್ನೇ ಉದುರಿಸಿ.

ಗುಡ್ಡಗಳಿಗೆ ಟಿವಿ, ಮಿಕ್ಸಿ ಡಬ್ಬದ ಥರ್ಮಕೋಲ್ ಇಟ್ಟುಕೊಳ್ಳಿ. ದೇವರಾಯನದುರ್ಗದ ದಾರಿಯಲ್ಲಿ ಕಾಣುವಂಥ ಬಂಡೆಗಳು ಬೇಕಾದರೆ ಥರ್ಮಕೋಲನ್ನು ಕತ್ತರಿಸಬೇಡಿ, ಕೈಯಲ್ಲೇ ಮುರಿಯಿರಿ, ಮುರಿದ ಅಂಚೇ ಕಲ್ಲಿನ ಹಾಗೆ ಕಾಣುತ್ತದೆ. ಆದರೆ ಸ್ಪ್ರೇ ಪೇಂಟ್ ನೇರ ಹೊಡೆದರೆ ಥರ್ಮಕೋಲ್ ಕರಗಿ ಹೋಗುತ್ತದೆ, ಫೆವಿಕ್ವಿಕ್ಕೂ ತಿನ್ನುತ್ತದೆ. ಮೊದಲು ಫೆವಿಕಾಲಿಗೆ ಕಪ್ಪು ಅಕ್ರಿಲಿಕ್ ಬೆರೆಸಿ ಪೂರ್ತಿ ಒಂದು ಲೇಪ ಕೊಡಿ.

ಇನ್ನು ಯುದ್ಧದ ಮಾತು. ನಿಮಗೆ ಅನಿಸಿದ್ದು ಸರಿಯಾದ ಪ್ರಶ್ನೆಯೇ, ತಳ್ಳಿಹಾಕಬೇಡಿ. ಈ ಹವ್ಯಾಸವನ್ನು ಮನೆಮನೆಗೆ ತಂದವರಲ್ಲಿ ದೊಡ್ಡ ಹೆಸರು ಇಂಗ್ಲೆಂಡಿನ ಲೇಖಕ ಎಚ್.ಜಿ. ವೆಲ್ಸ್. ಅವರು 1913ರಲ್ಲಿ ಲಿಟಲ್ ವಾರ್ಸ್ ಅಂತ ನಿಯಮದ ಪುಸ್ತಕ ಬರೆದರು, ಸ್ಪ್ರಿಂಗ್ ಇರುವ ಆಟಿಕೆ ತೋಪಿನಿಂದ ಸಣ್ಣ ಕಡ್ಡಿ ಹಾರಿಸಿ ಸೀಸದ ಸೈನಿಕರನ್ನು ಉರುಳಿಸುವ ಆಟ. ಅದೇ ಪುಸ್ತಕದ ಕೊನೆಯಲ್ಲಿ ನಿಜವಾದ ಯುದ್ಧ ಎಷ್ಟು ದೊಡ್ಡ ಮೂರ್ಖತನ, ಆಸೆ ಇದ್ದವರು ಗೊಂಬೆಗಳಲ್ಲೇ ತೀರಿಸಿಕೊಳ್ಳಲಿ ಅಂತ ವಾದಿಸಿದರು. ಮರುವರ್ಷವೇ ಮೊದಲ ಮಹಾಯುದ್ಧ ಶುರುವಾಯಿತು. ಆ ಪುಸ್ತಕದ ಉದ್ದನೆಯ ಹೆಸರಿನಲ್ಲಿ ಇನ್ನೊಂದು ಸಂಗತಿ ಇದೆ. ಹನ್ನೆರಡರಿಂದ ನೂರೈವತ್ತು ವರ್ಷದ ಹುಡುಗರಿಗಾಗಿ ಅಂತ ಮೊದಲು, ಹುಡುಗರ ಆಟ ಇಷ್ಟಪಡುವ ಜಾಣ ಹುಡುಗಿಯರಿಗೂ ಅಂತ ಆಮೇಲೆ. ಹೆಣ್ಣುಮಕ್ಕಳನ್ನು ಬಾಲಕ್ಕೆ ಕಟ್ಟುವ ಆ ಅಭ್ಯಾಸ ಇನ್ನೂ ಪೂರ್ತಿ ಹೋಗಿಲ್ಲ. ನೀವು ಮೊದಲ ದಿನದಿಂದಲೇ ಸಮಸಮ ಕೂರಬೇಕು ಅಂತ ಇಷ್ಟು ಒತ್ತಿ ಹೇಳುವುದಕ್ಕೆ ಅದೂ ಒಂದು ಕಾರಣ.

ಅತ್ತೆಯವರಿಗೆ ಚೌಕಾಬಾರ ಬರುತ್ತದೆಯೇ ಕೇಳಿ. ಬಂದೇ ಬರುತ್ತದೆ. ಕವಡೆ ಹಾಕಿ ಕಾಯಿ ಹೊಡೆಯುವುದು ಗೊತ್ತಿದ್ದವರಿಗೆ ಇದನ್ನು ವಿವರಿಸುವುದು ಕಷ್ಟವಿಲ್ಲ. ಒಂದು ಸಂಜೆ ದಾಳ ಅವರ ಕೈಗೆ ಕೊಡಿ.

ಪ್ರಶ್ನೆ: ನಾವು ಆಗಲೇ ಆಡುತ್ತಿದ್ದೇವೆ. ನನ್ನ ಹೆಂಡತಿ ಸೋತರೆ ಅವತ್ತು ಮಾತಿಲ್ಲ ಕತೆಯಿಲ್ಲ. ನಾನು ಬೇಕಂತಲೇ ಸೋತರೆ ಅವಳಿಗೆ ಗೊತ್ತಾಗಿ ಇನ್ನೂ ಕೋಪ. ಏನು ಮಾಡಲಿ?
ಓದುಗರು, ಚಿಂತಾಮಣಿ

ಉತ್ತರ: ಬೇಕಂತ ಸೋಲುವುದನ್ನು ಇವತ್ತೇ ನಿಲ್ಲಿಸಿ. ಅವರ ಕೋಪ ನ್ಯಾಯವಾದದ್ದು. ನಿಮಗೆ ಅನುಭವ ಜಾಸ್ತಿ ಇದ್ದರೆ ಅದನ್ನು ಬಾಯಿಬಿಟ್ಟು ಒಪ್ಪಿಕೊಂಡು, ಅವರ ಕಡೆಗೆ ಐದಕ್ಕೆ ಒಂದು ಪಾಲು ಪಾಯಿಂಟ್ ಜಾಸ್ತಿ ಕೊಟ್ಟು ಆಡಿ. ಅವರು ಗೆಲ್ಲುತ್ತಾ ಬಂದ ಹಾಗೆ ಅದನ್ನು ಇಳಿಸುತ್ತಾ ಬನ್ನಿ. ಕೊಂದವರ ಲೆಕ್ಕದಲ್ಲಿ ಗೆಲುವು ನೋಡಬೇಡಿ, ಮೇಜಿನ ಮೇಲೆ ಮೂರು ನಿಧಿ ಇಟ್ಟು ಜಾಸ್ತಿ ಹೊತ್ತೊಯ್ದವರು ಗೆದ್ದ ಹಾಗೆ ಅಂತ ಮಾಡಿ. ಸೈನ್ಯ ಅರ್ಧ ಹೋದರೂ ನಿಧಿ ಹೊತ್ತವನು ಓಡುತ್ತಿದ್ದರೆ ಆಟ ಬದುಕಿರುತ್ತದೆ. ದಾಳ ಮುಟ್ಟುವವರೆಗೆ ನಡೆ ಬದಲಿಸಬಹುದು ಅಂತಲೂ ಒಪ್ಪಂದ ಇರಲಿ.

ದಾಳದ ಲೆಕ್ಕವನ್ನು ಇಬ್ಬರೂ ಕೂತು ಒಮ್ಮೆ ಮಾಡಿ. ನಾಲ್ಕು ಅಥವಾ ಜಾಸ್ತಿ ಬೇಕು ಅಂದರೆ ಅರ್ಧಕ್ಕರ್ಧ ಅವಕಾಶ. ಹತ್ತು ದಾಳ ಹಾಕಿದರೆ ಐದು ತಗುಲಬೇಕು ಅಂತ ಮನಸ್ಸು ಕಾಯುತ್ತದೆ. ಆದರೆ ಎರಡು ಅಥವಾ ಅದಕ್ಕೂ ಕಡಿಮೆ ತಗುಲುವುದು ಸುಮಾರು ಹದಿನೆಂಟು ಸಲಕ್ಕೆ ಒಂದು ಸಲ ಆಗಿಯೇ ಆಗುತ್ತದೆ. ಒಂದು ಸಂಜೆಯಲ್ಲಿ ಎಷ್ಟು ಸಲ ದಾಳ ಹಾಕುತ್ತೀರಿ ಯೋಚಿಸಿ. ಯಾವುದು ದಾಳದಿಂದ ಹೋಯಿತು, ಯಾವುದು ನಡೆಯಿಂದ ಹೋಯಿತು ಅಂತ ಬೇರೆ ಮಾಡಿ ನೋಡಲು ಬಂದರೆ ಸೋತವರ ಸಿಟ್ಟು ಅರ್ಧ ಇಳಿಯುತ್ತದೆ. ಆಟ ಮುಗಿದ ತಕ್ಷಣ ನೀವು ಪಾಠ ಹೇಳಲು ಕೂರಬೇಡಿ. ಅವರಾಗಿ ಕೇಳಿದರೆ ಹೇಳಿ.

ಪ್ರಶ್ನೆ: ಮನೆಯಲ್ಲಿ ಮೂರು ವರ್ಷದ ಮಗು ಇದೆ. ಆಡಬಹುದೇ?
ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಆಡಬಹುದು, ಮಗು ಮಲಗಿದ ಮೇಲೆ. ಸಣ್ಣ ತುಂಡು, ದಾಳ, ಕಟರ್, ಫೆವಿಕ್ವಿಕ್ ಯಾವುದೂ ಕೈಗೆ ಸಿಗಬಾರದು. ಗೊಂಬೆಯ ಕೈಗೆ ಹಾಕುವ ಪುಟ್ಟ ಮ್ಯಾಗ್ನೆಟ್ ಅಂತೂ ಮನೆಗೇ ತರಬೇಡಿ, ಮಗು ಒಂದಕ್ಕಿಂತ ಜಾಸ್ತಿ ನುಂಗಿದರೆ ಕರುಳಿನಲ್ಲಿ ಒಂದಕ್ಕೊಂದು ಕಚ್ಚಿಕೊಂಡು ಪ್ರಾಣಕ್ಕೆ ಅಪಾಯ. ಹಳೇ ಲೋಹದ ಗೊಂಬೆಗಳಲ್ಲಿ ಸೀಸ ಇರಬಹುದು, ಅವೂ ಬೇಡ. ದ್ರವ ಪ್ಲಾಸ್ಟಿಕ್ಕಿನಂಥ ರೆಸಿನ್‌ನಿಂದ ಗೊಂಬೆ ಮಾಡುವ ಪ್ರಿಂಟರನ್ನು ಮನೆಯಲ್ಲೇ ಇಡುವ ಯೋಚನೆ ಇದ್ದರೆ ಸದ್ಯಕ್ಕೆ ಕೈಬಿಡಿ. ಗಟ್ಟಿಯಾಗದ ರೆಸಿನ್ ಚರ್ಮಕ್ಕೆ ಕೆಟ್ಟದ್ದು, ಗ್ಲೌಸ್ ಬೇಕು, ಗಾಳಿಯಾಡುವ ಬೇರೆ ಕೋಣೆ ಬೇಕು. ಪ್ರಿಂಟ್ ಮಾಡಿ ಕೊಡುವವರ ಹತ್ತಿರ ಮಾಡಿಸಿಕೊಳ್ಳಿ.

ಪ್ರಶ್ನೆ: ನಾವಿಬ್ಬರೂ ಶಾಲೆಯಲ್ಲಿ ಪಾಠ ಹೇಳುವವರು. ರಾಕ್ಷಸರು, ಬಾಹ್ಯಾಕಾಶ ನಮಗೆ ರುಚಿಸಲ್ಲ. ನಮ್ಮ ಕಡೆಯ ಇತಿಹಾಸವನ್ನೇ ಆಡಬಹುದೇ?
ಓದುಗರು, ಮುಳಬಾಗಿಲು

ಉತ್ತರ: ಧಾರಾಳವಾಗಿ! ಹೈದರಾಲಿ ಹುಟ್ಟಿದ ಬೂದಿಕೋಟೆ ನಿಮ್ಮ ಜಿಲ್ಲೆಯದೇ. ಇನ್ನು ನಿಮ್ಮ ಊರಿನಲ್ಲೇ ಮೇಜಿಗೆ ಹೇಳಿ ಮಾಡಿಸಿದಂಥ ಕಾಳಗ ನಡೆದಿದೆ, 1768ರಲ್ಲಿ, ಮೊದಲ ಮೈಸೂರು ಯುದ್ಧದ ಸಮಯ. ಕೋಟೆ ಹೈದರನ ಕೈ ಸೇರಿತ್ತು. ವಾಪಸು ಹಿಡಿಯಲು ಬಂದ ಕರ್ನಲ್ ವುಡ್‌ನ ಈಸ್ಟ್ ಇಂಡಿಯಾ ಕಂಪನಿ ಪಡೆಯ ಮೇಲೆ ಹೈದರ್ ದೊಡ್ಡ ಸೈನ್ಯದೊಂದಿಗೆ ಬಿದ್ದ. ಬಂಡೆಗಳ ನಡುವೆ ವುಡ್‌ನ ಜನ ಚೆಲ್ಲಾಪಿಲ್ಲಿಯಾದರು. ಆಗ ಸಾಮಾನು ಕಾಯುತ್ತಿದ್ದ ಕ್ಯಾಪ್ಟನ್ ಬ್ರೂಕ್ ಎರಡು ತೋಪು, ಸ್ವಲ್ಪ ಜನರನ್ನು ಕರೆದುಕೊಂಡು ಒಂದು ಬಂಡೆಯ ಮೇಲೆ ಹತ್ತಿ ಗುಂಡು ಹಾರಿಸುತ್ತಾ, ಸ್ಮಿತ್ ಬಂದ, ಸ್ಮಿತ್ ಬಂದ ಅಂತ ಎಲ್ಲರಿಂದ ಕೂಗಿಸಿದ. ಕರ್ನಲ್ ಸ್ಮಿತ್ ಅಂದರೆ ಕಂಪನಿಯ ಇನ್ನೊಂದು ದೊಡ್ಡ ಪಡೆಯ ಮುಖ್ಯಸ್ಥ. ಅವನು ನಿಜವಾಗಿ ಬಂದಿರಲಿಲ್ಲ. ಮೈಸೂರಿನವರು ಬಂದೇಬಿಟ್ಟ ಅಂದುಕೊಂಡು ಹಿಂಜರಿದರು, ಅಷ್ಟರಲ್ಲಿ ವುಡ್‌ನ ಜನ ಮತ್ತೆ ಸಾಲು ಕಟ್ಟಿದರು.

ಇದನ್ನು ಹೀಗೆ ಆಡಿ. ಒಂದು ಗೊಂಬೆ ಅಂದರೆ ನೂರು ಜನ ಅಂತ ಲೆಕ್ಕ ಇಟ್ಟುಕೊಳ್ಳಿ. ಮೈಸೂರಿನ ಕಡೆಗೆ ಎರಡರಷ್ಟು ಗೊಂಬೆ, ಕುದುರೆ ಸವಾರರೂ ಇರಲಿ. ಮೇಜಿನ ತುಂಬಾ ಬಂಡೆ. ಬಂಡೆಯ ನಡುವೆ ಯಾರು ನಡೆದರೂ ಅರ್ಧ ದೂರ, ಕುದುರೆ ಹೋಗುವಂತಿಲ್ಲ. ಮೈಸೂರಿನ ರಾಕೆಟ್ಟು ಬೇಕೇ ಬೇಕು. ಕಬ್ಬಿಣದ ಕೊಳವೆಯ ಆ ರಾಕೆಟ್ಟು ಹಾರಿಸಿದ ಕಡೆಯೇ ಹೋಗುತ್ತದೆ ಅಂತ ಇಲ್ಲ, ಅದಕ್ಕೆ ಮೊದಲು ದಿಕ್ಕಿಗೊಂದು ದಾಳ, ಆಮೇಲೆ ದೂರಕ್ಕೆ. ಬ್ರೂಕ್‌ನ ಕೂಗಿಗೆ ಒಂದು ಚೀಟಿ ಮಾಡಿ, ಕಂಪನಿ ಆಡುವವರು ಯಾವ ಸರದಿಯಲ್ಲಾದರೂ ಒಂದೇ ಸಲ ತೆಗೆಯಬಹುದು. ತೆಗೆದಾಗ ಬ್ರೂಕ್ ನಿಂತ ಬಂಡೆ ಕಾಣುವ ಪ್ರತಿ ಮೈಸೂರು ಪಡೆಗೂ ದಾಳ ಹಾಕಿ, ಮೂರು ಅಥವಾ ಕಡಿಮೆ ಬಿದ್ದರೆ ಆ ಪಡೆ ಆರಿಂಚು ಹಿಂದೆ. ಮೈಸೂರು ಆಡುವವರಿಗೆ ಕೂಗು ಬರುತ್ತದೆ ಅಂತ ಗೊತ್ತು, ಯಾವಾಗ ಅಂತ ಗೊತ್ತಿಲ್ಲ. ಮುನ್ನುಗ್ಗುವುದೋ ಕಾಯುವುದೋ ಅನ್ನುವ ತೊಳಲಾಟವೇ ಈ ಆಟದ ಜೀವ.

ಮುಂದೆ ತಯಾರಾದ ನಿಯಮ ಬೇಕೆನಿಸಿದರೆ ಬ್ಲ್ಯಾಕ್ ಪೌಡರ್ ಅನ್ನುವ ಪುಸ್ತಕ 1700ರಿಂದ 1900ರವರೆಗಿನ ಯುದ್ಧಗಳಿಗೆಂದೇ ಇದೆ. ಅದಕ್ಕೆ ದೊಡ್ಡ ಮೇಜು ಬೇಕು, ನಿಮ್ಮಲ್ಲಿ ಇಲ್ಲದಿದ್ದರೆ ಇಂಚು ಅಂತ ಇರುವ ಕಡೆಯೆಲ್ಲಾ ಸೆಂಟಿಮೀಟರ್ ಅಂತ ಓದಿಕೊಂಡು ಸಣ್ಣ ಗೊಂಬೆಗಳಲ್ಲಿ ಆಡಿ. ಮುಳಬಾಗಿಲಿನ ಕಾಳಗಕ್ಕೆ ಮಾತ್ರ ಮೇಲೆ ಹೇಳಿದಷ್ಟೇ ಸಾಕು. ಒಂದು ಆಟ ಮುಗಿದ ಮೇಲೆ ಕಡೆ ಬದಲಿಸಿ ಇನ್ನೊಂದು ಆಡಿ, ಚೀಟಿ ಯಾವ ಸರದಿಯಲ್ಲಿ ತೆಗೆದಿರಿ ಅಂತ ನನಗೆ ಬರೆಯಿರಿ.